ಆಮೆಗೆ ವೀಸಾ ಕೇಳೋರಿಗೆ ಎರಡು ಮಾತು

ಹದಿನೈದು ದಿನದಿಂದ ನಮ್ಮ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಬೇರೆ ಮಾತೇ ಇಲ್ಲ ಕಣ್ರವ್ವ. ರಾಗಿ ರೇಟು ಬಿದ್ದೋಯ್ತು, ಅವರೆಕಾಯಿಗೆ ಹುಳ ಬಂತು, ಯಾರ ಮನೆ ಹುಡುಗಿಗೆ ಗಂಡು ಗೊತ್ತಾಯ್ತು, ಇದ್ಯಾವುದೂ ಯಾರಿಗೂ ಬೇಡ. ಎಲ್ಲಾರಿಗೂ ಒಂದೇ ಚಿಂತೆ, ನಮ್ಮ ತಂಗಿ ಮಗಳ ಮನೆ ಆಮೇನ ಆಸ್ಟ್ರೇಲಿಯಾಕ್ಕೆ ಕಳಿಸೋದು ಎಂಗೆ. ಒಬ್ಬೊಬ್ಬರದು ಒಂದೊಂದು ಉಪಾಯ. ಗ್ರೂಪಿನಲ್ಲಿ ಬರೆದರೆ ನನ್ನ ಮಾತು ಗುಡ್ ಮಾರ್ನಿಂಗ್ ಹೂವಿನ ಫೋಟೋಗಳ ಕೆಳಗೆ ಹೂತೋಗ್ತದೆ ಅಂತ ಇಲ್ಲಿ ಬರೀತಿದ್ದೀನಿ. ಬಯ್ಯೋರು ಬಯ್ದುಕೊಳ್ಳಿ. ಓದಿ ಮುಗಿಸಿದ ಮೇಲೆ ಬಯ್ಯಿರಿ, ಅಷ್ಟೇ ನಾನು ಕೇಳೋದು.

ವಿಷಯ ಗೊತ್ತಿಲ್ಲದ ಅಕ್ಕಪಕ್ಕದೋರಿಗೆ ಒಸಿ ಹೇಳಿಬಿಡ್ತೀನಿ. ನಮ್ಮ ಹುಡುಗಿ ಬೆಂಗಳೂರಲ್ಲಿ ಸಂಸಾರ ಮಾಡ್ಕೊಂಡವ್ಳೆ. ಅಳಿಯಂದ್ರಿಗೆ ಮೆಲ್ಬರ್ನಿನಲ್ಲಿ ಕೆಲಸ ಆಗಿದೆ, ಮುಂದಿನ ತಿಂಗಳು ಎಲ್ಲಾರೂ ಹೊರಡ್ತಾರೆ. ಅವರ ಮನೇಲಿ ನಾಲ್ಕು ವರ್ಷದಿಂದ ಒಂದು ಆಮೆ ಐತೆ. ಬೆನ್ನಿನ ಮೇಲೆ ಹಳದಿ ಗೆರೆಗೆರೆಯಾಗಿ ನಕ್ಷತ್ರ ಬಿಡಿಸಿದ ಹಾಗಿರ್ತದಲ್ಲ, ಅದೇ, ನಕ್ಷತ್ರ ಆಮೆ. ಹುಡುಗಿಯ ಮೈದುನ ಎಲ್ಲಿಂದಲೋ ತಂದುಕೊಟ್ಟಿದ್ದು. ಅದು ಬಂದ ಮೂರೇ ತಿಂಗಳಿಗೆ ಮನೆ ಸಾಲ ಮಂಜೂರಾಯ್ತಂತೆ. ಅದಕ್ಕೇ ಅದಕ್ಕೆ ಲಕ್ಷ್ಮಿ ಅಂತ ಹೆಸರು. ಏಳು ವರ್ಷದ ಮಗ ಲಕ್ಷ್ಮೀನ ಬಿಟ್ಟು ಬರಲ್ಲ ಅಂತ ಊಟ ಬಿಟ್ಟು ಕೂತವ್ನೆ. ಅದಕ್ಕೆ ನಮ್ಮ ಬಳಗದೋರೆಲ್ಲ ಸೇರಿ ಆಮೆಗೆ ಟಿಕೆಟ್ಟು, ವೀಸಾ, ಪಾಸ್‌ಪೋರ್ಟು ಹುಡುಕ್ತಾವ್ರೆ.

ಮೊದಲನೇ ಮಾತು ಹೇಳಿಬಿಡ್ತೀನಿ. ಆ ಆಮೆಗೆ ಕಾಗದ ಮಾಡಿಸೋಕೆ ಆಗಲ್ಲ. ದುಡ್ಡು ಸಾಲದು ಅಂತಲ್ಲ, ಗುರುತಿನೋರು ಇಲ್ಲ ಅಂತಲ್ಲ, ಟೈಮು ಕಮ್ಮಿ ಅಂತಲೂ ಅಲ್ಲ. ಅಂಥ ಕಾಗದ ಅನ್ನೋದೇ ಇಲ್ಲ. ಯಾಕೆ ಅಂದರೆ ಅದು ನಮ್ಮ ಹುಡುಗಿಯದೇ ಅಲ್ಲ. ಸಾಕಿದೋರು ಅವರಿರಬಹುದು, ಸೌತೆಕಾಯಿ ಹೆಚ್ಚಿ ಹಾಕಿದೋರು ಅವರಿರಬಹುದು. ಕಾಡಿನ ಪ್ರಾಣಿ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಂತ ಒಂದಿದೆ. ಅದರ ಪ್ರಕಾರ ಈ ಆಮೆ ಹಿಡಿಯೋ ಹಾಗಿಲ್ಲ, ಮಾರೋ ಹಾಗಿಲ್ಲ, ಕೊಳ್ಳೋ ಹಾಗಿಲ್ಲ, ಮನೇಲಿ ಇಟ್ಟುಕೊಳ್ಳೋ ಹಾಗೂ ಇಲ್ಲ. 2022ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ಆಯ್ತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈಗ ನಕ್ಷತ್ರ ಆಮೆ ಇರೋದು ಮೊದಲನೇ ಪಟ್ಟಿಯಲ್ಲಿ. ಹುಲಿ, ಆನೆ ಇರೋ ಪಟ್ಟಿ ಅದು. ಅಂಗೈಯಗಲದ ಆಮೆ ಅಂತ ನೀವು ಅಂದುಕೊಂಡಿದ್ದೀರಿ, ಕಾನೂನು ಅದನ್ನ ಹುಲಿ ಪಕ್ಕದಲ್ಲಿ ಕೂರಿಸಿದೆ. ಮೊದಲನೇ ಪಟ್ಟಿಯ ಪ್ರಾಣಿ ವಿಷಯದಲ್ಲಿ ಸಿಕ್ಕಿಬಿದ್ದರೆ ಕಮ್ಮಿ ಅಂದರೆ ಮೂರು ವರ್ಷ, ಹೆಚ್ಚು ಅಂದರೆ ಏಳು ವರ್ಷ ಜೈಲು. ದಂಡ 25,000ಕ್ಕೆ ಕಮ್ಮಿ ಇಲ್ಲ.

ಇದು ನಮ್ಮ ದೇಶದ ಮಾತಾಯ್ತು. ದೇಶ ದಾಟಿಸೋಕೆ ಇನ್ನೊಂದು ಕಟ್ಟುಪಾಡಿದೆ, ಸೈಟಿಸ್ ಅಂತಾರೆ. 1973ರಲ್ಲಿ ದೇಶ ದೇಶಗಳು ಕೂತು ಮಾಡಿಕೊಂಡ ಒಪ್ಪಂದ. ಯಾವ ಕಾಡುಪ್ರಾಣಿ, ಯಾವ ಗಿಡ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗಬಹುದು, ಯಾವುದು ಹೋಗಬಾರದು ಅಂತ ಅದರಲ್ಲಿ ಬರೆದಿರ್ತದೆ. ಇಂಡಿಯಾ ಅದಕ್ಕೆ ಸೇರಿದ್ದು 1976ರಲ್ಲಿ, ಈಗ ನೂರ ಎಂಬತ್ತಕ್ಕೂ ಹೆಚ್ಚು ದೇಶ ಒಳಗಿವೆ. 2019ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಸಭೆ ಸೇರಿದಾಗ ಇಂಡಿಯಾ, ಶ್ರೀಲಂಕಾ, ಬಾಂಗ್ಲಾದೇಶದೋರು ಕೇಳಿಕೊಂಡು ಇದೇ ನಕ್ಷತ್ರ ಆಮೇನ ಎರಡನೇ ಪಟ್ಟಿಯಿಂದ ಒಂದನೇ ಪಟ್ಟಿಗೆ ಏರಿಸಿದರು. ಒಂದನೇ ಪಟ್ಟಿಯ ಪ್ರಾಣಿ ಗಡಿ ದಾಟಬೇಕು ಅಂದರೆ ಕಳಿಸೋ ದೇಶದ ಪರ್ಮಿಟ್ಟೂ ಬೇಕು, ಬರಮಾಡಿಕೊಳ್ಳೋ ದೇಶದ ಪರ್ಮಿಟ್ಟೂ ಬೇಕು. ಕಳಿಸೋ ದೇಶದೋರು ಮೊದಲು ಕೇಳೋದೇ, ಇದು ನಿಮ್ಮ ಕೈಗೆ ಎಂಗೆ ಬಂತು, ಕಾನೂನು ಪ್ರಕಾರ ಬಂತಾ ಅಂತ. ಏನು ಹೇಳ್ತೀರಿ? ಮೈದುನ ತಂದುಕೊಟ್ಟ ಅಂತಲಾ?

ಇನ್ನು ಆಸ್ಟ್ರೇಲಿಯಾ. ಇಡೀ ಲೋಕದಲ್ಲಿ ಪ್ರಾಣಿ ವಿಷಯಕ್ಕೆ ಅಷ್ಟು ಬಿಗಿ ಇರೋ ದೇಶಗಳು ಕೆಲವೇ. ಸಾಕಿದ ಹಾವು, ಹಲ್ಲಿ, ಆಮೆ, ಉಡ, ಯಾವುದನ್ನೂ ಅವರು ಒಳಕ್ಕೆ ಬಿಟ್ಟುಕೊಳ್ಳಲ್ಲ. ಕಾನೂನುಬದ್ಧವಾಗಿ ಸಾಕಿದ್ದಾದರೂ ಇಲ್ಲ. ನಮ್ಮ ದೇಶದಿಂದ ನಾಯಿಯನ್ನೇ ನೇರವಾಗಿ ತಕ್ಕೊಂಡು ಹೋಗೋಕೆ ಆಗಲ್ಲ. ಅವರು ಒಪ್ಪಿದ ಬೇರೆ ದೇಶದಲ್ಲಿ ಇಟ್ಟು, ರಕ್ತ ಪರೀಕ್ಷೆ, ಸೂಜಿ, ಆಮೇಲೆ ಅಲ್ಲಿಯ ಕ್ವಾರಂಟೈನು, ಇಷ್ಟೆಲ್ಲ ಪಾಡು ಪಡಬೇಕು. ವಿಮಾನ ಇಳಿಯೋಕೆ ಮುಂಚೆ ತುಂಬಿ ಕೊಡೋ ಚೀಟಿಯಲ್ಲೇ ಕೇಳ್ತಾರೆ, ಪ್ರಾಣಿ ಇದೆಯಾ, ಬೀಜ ಇದೆಯಾ, ತಿನ್ನೋ ಪದಾರ್ಥ ಇದೆಯಾ ಅಂತ. ಸುಳ್ಳು ಬರೆದರೆ ದಂಡ, ವೀಸಾನೂ ರದ್ದು ಮಾಡಬಹುದು. ಹಸಿ ಕರಿಬೇವಿನ ಸೊಪ್ಪನ್ನ ಕಸದ ಬುಟ್ಟಿಗೆ ಹಾಕಿಸೋ ದೇಶ ಕಣ್ರೇ ಅದು. ಕರಿಬೇವು ದಾಟದ ಕಡೆ ಆಮೆ ದಾಟಿಸ್ತೀವಿ ಅಂತ ಹೊರಟವ್ರೆ ನಮ್ಮೋರು.

ಈಗ ನಮ್ಮ ಬಳಗದ ಉಪಾಯಗಳಿಗೆ ಬರ್ತೀನಿ. ಇಲ್ಲಿಂದ ಮುಂದೆ ನನ್ನ ಮಾತು ಒಸಿ ಖಾರ ಆಗ್ತದೆ.

ಗ್ರೂಪಿನಲ್ಲಿ ಒಬ್ಬರು ಹಿರೀಕರು, ಹೆಸರು ಬೇಡ, ವಾಯ್ಸ್ ಮೆಸೇಜು ಕಳಿಸಿದ್ದು ನೀವೆಲ್ಲ ಕೇಳಿದ್ದೀರಿ. "ಕಾಲುಚೀಲದಲ್ಲಿ ಸುತ್ತಿ ಮಗೀನ ಬ್ಯಾಗಲ್ಲಿ ಆಟದ ಸಾಮಾನು ಜೊತೆ ಇಕ್ಕವ್ವ, ಹೆಂಗಸು ಮಕ್ಕಳ ಬ್ಯಾಗ ಯಾರೂ ನೋಡಾಕಿಲ್ಲ." ಆ ಮಾತಿಗೆ ಒಂಬತ್ತು ಜನ ಕೈಮುಗಿಯೋ ಗುರುತು ಹಾಕಿದ್ದೀರಿ. ನನಗೆ ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಹೇಳಿ, ಯಾವಾಗಲೂ ಹೆಂಗಸಿನ ಬ್ಯಾಗೇ ಯಾಕೆ? ಆಮೆ ತಂದೋನು ಮೈದುನ. ಅದೃಷ್ಟ ಬಂತು ಅಂತ ಕುಣಿದಿದ್ದು ಮನೆ ಗಂಡಸರು. ಅದರ ಹೊಲಸು ಬಳಿದು, ಸೊಪ್ಪು ಹೆಚ್ಚಿ, ಅದು ಮೂರು ದಿನ ತಿನ್ನದಿದ್ದರೆ ಗಾಬರಿ ಬಿದ್ದಿದ್ದು ನಮ್ಮ ಹುಡುಗಿ. ಈಗ ಕಳ್ಳ ಸಾಗಣೆ ಮಾಡೋ ಪಾಳಿ ಬಂದಾಗ ಅವಳ ಬ್ಯಾಗು, ಅವಳ ಮಗುವಿನ ಬ್ಯಾಗು! ಎಕ್ಸ್‌ರೇ ಮಿಷನ್ನಿಗೆ ಹೆಂಗಸಿನ ಬ್ಯಾಗು ಗಂಡಸಿನ ಬ್ಯಾಗು ಅಂತ ಭೇದ ಇಲ್ಲ. ಸಿಕ್ಕಿಬಿದ್ದರೆ ಹೆಸರು ಬರೋದು ಯಾರದು? ಬ್ಯಾಗು ಯಾರದೋ ಅವರದು. ಆ ಹಿರೀಕರು ಬಂದು ಜಾಮೀನು ಕೊಡ್ತಾರಾ?

ಆಮೇಲೆ ಆ ಆಮೆಯ ಗತಿಯಾದರೂ ಯೋಚನೆ ಮಾಡಿ. ಸಾಗಿಸೋರು ಮಾಡೋದು ಇದನ್ನೇ. ಕಾಲು ತಲೆ ಹೊರಗೆ ಹಾಕದ ಹಾಗೆ ಬಟ್ಟೆ ಸುತ್ತಿ, ಟೇಪು ಅಂಟಿಸಿ, ಸೂಟ್‌ಕೇಸಿನಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸ್ತಾರೆ. ನೀರಿಲ್ಲ, ಮೇವಿಲ್ಲ. ಇಳಿಯೋ ಹೊತ್ತಿಗೆ ಎಷ್ಟು ಬದುಕಿರ್ತವೋ ಅಷ್ಟು. ನಿಮ್ಮ ಮನೆ ಲಕ್ಷ್ಮಿಗೆ ನೀವೇ ಟೇಪು ಸುತ್ತೋಕೆ ಹೊರಟಿದ್ದೀರಿ.

ನಮ್ಮ ಕೆಂಪಾಪುರದ ಹೆಸರು ಹೊರಗಿನೋರಿಗೆ ಗೊತ್ತಾಗಿದ್ದು ಯಾಕೆ? 2015ರಲ್ಲಿ ಕೆಂಪೇಗೌಡರ ಸಮಾಧಿ ಇಲ್ಲೇ ಇದೆ ಅಂತ ಗುರುತು ಹಿಡಿದರು, ಆಮೇಲೆ ಮಂತ್ರಿಗಳು ಬಂದರು, ಕಾರುಗಳು ಬಂದವು. ಅದೇ ಕೆಂಪೇಗೌಡರ ಹೆಸರನ್ನೇ ದೇವನಹಳ್ಳಿ ಏರ್‌ಪೋರ್ಟಿಗೆ ಇಟ್ಟವ್ರೆ. 2022ರಲ್ಲಿ 108 ಅಡಿ ವಿಗ್ರಹಾನೂ ನಿಲ್ಲಿಸಿದರು. ನಾವೆಲ್ಲ ಬಸ್ ಮಾಡಿಕೊಂಡು ಹೋಗಿ ಫೋಟೋ ತೆಗೆಸಿಕೊಂಡು ಬಂದಿದ್ದೀವಿ. ಆ ಏರ್‌ಪೋರ್ಟಿನಲ್ಲಿ 2023ರ ಆಗಸ್ಟಿನಲ್ಲಿ ಏನಾಯ್ತು ಗೊತ್ತಾ? ಬ್ಯಾಂಕಾಕಿನಿಂದ ಬಂದ ಒಬ್ಬನ ಸಾಮಾನಿನಲ್ಲಿ 234 ಜೀವ ಸಿಕ್ಕಿದವು. ಹೆಬ್ಬಾವು, ಊಸರವಳ್ಳಿ, ಇಗ್ವಾನ, ಆಮೆ, ಮೊಸಳೆ ಜಾತಿಯ ಮರಿ. ಜೊತೆಗೆ ಒಂದು ಕಾಂಗರೂ ಮರಿ, ಪ್ಲಾಸ್ಟಿಕ್ ಡಬ್ಬಿಯೊಳಗೆ ಉಸಿರು ಕಟ್ಟಿ ಸತ್ತುಹೋಗಿತ್ತು. ಮಾರನೇ ತಿಂಗಳೇ ಮತ್ತೆ ಬ್ಯಾಂಕಾಕಿನ ವಿಮಾನದಲ್ಲಿ 78 ಪ್ರಾಣಿ. 55 ಬಾಲ್ ಪೈಥಾನು, 17 ಕಾಳಿಂಗ ಸರ್ಪ, ಆರು ಕೋತಿ. ಆರು ಕೋತಿಗಳೂ ಸತ್ತಿದ್ದವು. ಇವೆಲ್ಲ ಒಳಕ್ಕೆ ಬರೋ ದಾರಿಯದು. ನಮ್ಮ ನಕ್ಷತ್ರ ಆಮೆ ಹೋಗೋದು ಹೊರಕ್ಕೆ. ಬರೋದನ್ನ ಹಿಡಿಯೋರು ಹೋಗೋದನ್ನ ನೋಡಲ್ಲ ಅಂತ ಯಾರು ಹೇಳಿದರು ನಿಮಗೆ?

"ಒಂದು ಆಮೆ ತಾನೇ, ಕಾಡಿಗೆ ಏನು ಕಮ್ಮಿ ಆಯ್ತದೆ" ಅಂತ ನಮ್ಮ ಹುಡುಗಿಯ ಅತ್ತೆಯವರು ಕೇಳಿದರಂತೆ. ಬೀಗಿತ್ತಿಯವರ ಮೇಲೆ ನನಗೆ ಗೌರವ ಐತೆ, ಆದರೂ ಉತ್ತರ ಕೊಡಲೇಬೇಕು. ಪ್ರತಿ ಮನೆಯೋರೂ ಒಂದೇ ಅಂತಾರೆ, ಅಲ್ಲೇ ಇರೋದು ತೊಂದರೆ. 2015ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ನಮ್ಮ ದೇಶದ ಒಂದೇ ಒಂದು ಜಾಗದಿಂದ ವರ್ಷಕ್ಕೆ ಕಮ್ಮಿ ಅಂದರೂ 55,000 ನಕ್ಷತ್ರ ಆಮೆ ಹಿಡೀತಾರೆ ಅಂತ ಲೆಕ್ಕ ಹಾಕಿದ್ದರು. ಐವತ್ತೈದು ಸಾವಿರ! ನಮ್ಮ ಮಾಗಡಿ ಪೇಟೇಲಿ ಅಷ್ಟು ಜನ ಇಲ್ಲ. ಹಿಡಿಯೋರು ಬಡವರು. ಕುರಿ ಕಾಯೋ ಹುಡುಗರು, ಬೇಲಿ ಸಾಲಿನಲ್ಲಿ ಹುಡುಕೋರು. ಅವರಿಗೆ ಸಿಗೋದು ಪುಡಿಗಾಸು. ಅದೇ ಆಮೆ ಬ್ಯಾಂಕಾಕು ತಲುಪೋ ಹೊತ್ತಿಗೆ ಅದರ ಬೆಲೆ ಎಷ್ಟೋ ಪಟ್ಟು ಏರಿರ್ತದೆ. ನಡುವೆ ತಿನ್ನೋರು ಬೇರೆ. ಕೋಲಾರ, ಚಿಕ್ಕಬಳ್ಳಾಪುರ, ಆಂಧ್ರದ ಗಡಿ, ಆ ಕಡೆಯ ಒಣ ಕುರುಚಲಿನಲ್ಲಿ ಇರೋ ಪ್ರಾಣಿ ಇದು. ಒಣಹುಲ್ಲಿನ ಮೇಲೆ ಬಿಸಿಲು ಬಿದ್ದಾಗ ಆ ಹಳದಿ ಗೆರೆ ಹುಲ್ಲಿನ ಜೊತೆ ಸೇರಿ ಆಮೆ ಕಾಣದ ಹಾಗೆ ಆಗ್ತದೆ. ದೇವರು ಬಚ್ಚಿಟ್ಟುಕೊಳ್ಳಲಿ ಅಂತ ಕೊಟ್ಟ ಬಣ್ಣ ಅದು. ನಮಗೆ ಅದೇ ಚೆಂದ ಅಂತ ಕಂಡು ಟೈಲ್ಸ್ ನೆಲದ ಮೇಲೆ ತಂದುಬಿಟ್ಟಿದ್ದೀವಿ. ಟೈಲ್ಸ್ ಮೇಲೆ ಅದಕ್ಕೆ ಬಚ್ಚಿಟ್ಟುಕೊಳ್ಳೋ ಜಾಗ ಎಲ್ಲೈತೆ?

ಅದೃಷ್ಟದ ಮಾತು. ಇದನ್ನ ಬಿಡಿಸಿ ಹೇಳಬೇಕು, ಯಾಕೆಂದರೆ ಬೇರೆಲ್ಲ ವಾದಕ್ಕೂ ಬೇರು ಇದೇ. ಆಮೆ ನಮಗೆ ದೇವರು, ಇಲ್ಲ ಅನ್ನಲ್ಲ. ಕೂರ್ಮಾವತಾರದ ಕತೆ ಕೇಳಿಕೊಂಡೇ ಬೆಳೆದೋಳು ನಾನು. ದೇವಸ್ಥಾನದ ನೆಲದ ಕಲ್ಲಿನ ಮೇಲೆ ಆಮೆ ಕೆತ್ತಿರೋದು ನೋಡಿದರೆ ಈಗಲೂ ತುಳಿಯದೆ ದಾಟ್ತೀನಿ. ಆದರೆ ದೇವರನ್ನ ಹಿಡಿದು ಬಾತ್‌ರೂಮಿನ ಟಬ್ಬಿನಲ್ಲಿ ಇಟ್ಟು ದುಡ್ಡು ಕೊಡು ಅಂತ ಕೂರೋದು ಯಾವ ಶಾಸ್ತ್ರ? ಟಿವಿ ಜ್ಯೋತಿಷ್ಯದೋರು ಗಾಜಿನ ಆಮೆ, ಉಂಗುರದ ಆಮೆ ಅಂತ ಶುರು ಮಾಡಿದರು. ಗಾಜಿನದು ತಂದು ನೀರಿನ ತಟ್ಟೆಯಲ್ಲಿ ಇಟ್ಟುಕೊಳ್ಳಿ, ಯಾರಿಗೇನು ನಷ್ಟ. ಅಲ್ಲಿಂದ ಜೀವಂತ ಆಮೆಗೆ ಬಂದರು. ಇಷ್ಟು ಉಗುರಿರಬೇಕು, ಇಷ್ಟು ತೂಕ ಇರಬೇಕು ಅಂತ ಲೆಕ್ಕ ಬೇರೆ.

ನಮ್ಮ ಸೀಮೆಯೋರಿಗೆ ಇದು ಹೊಸದಲ್ಲ. ಮಣ್ಣುಮುಕ್ಕ ಹಾವಿನ ಕತೆ ಮರೆತುಬಿಟ್ಟಿರಾ? ಬಾಲ ಮೊಂಡಾಗಿ ತಲೆ ಹಾಗೇ ಕಾಣ್ತದೆ ಅಂತ ಎರಡು ತಲೆ ಹಾವು ಅಂದರು. ತೂಕಕ್ಕೆ ಲಕ್ಷ ಲಕ್ಷ ಕೊಡ್ತಾರೆ, ಫಾರಿನ್ ಪಾರ್ಟಿ ಬರ್ತದೆ ಅಂತ ನಂಬಿ ಹೊಲ ಉಳೋದು ಬಿಟ್ಟು ರಾತ್ರಿ ಟಾರ್ಚು ಹಿಡಿದು ತಿರುಗಿದ ಗಂಡಸರು ಊರೂರಲ್ಲಿ ಇದ್ದರು. ಇಲಿ ತಿಂದು ನಮ್ಮ ರಾಗಿ ಉಳಿಸೋ ಬಡ ಹಾವು ಅದು. ಯಾರ ಮನೆಗೆ ಲಕ್ಷ ಬಂತು? ಪೊಲೀಸಿನೋರ ಜೀಪು ಬಂದಿದ್ದು ಮಾತ್ರ ಎಲ್ಲರಿಗೂ ನೆನಪಿರಬೇಕು. ಆವತ್ತು ಗಂಡಸರನ್ನ ಬಯ್ದ ಹೆಂಗಸರೇ ಇವತ್ತು ಆಮೆ ವಿಷಯಕ್ಕೆ "ಲಕ್ಷ್ಮೀನ ಹೊರಗೆ ಕಳಿಸಬೇಡ, ಹೋದ ಮನೆಗೆ ಅದೃಷ್ಟಾನೂ ಹೋಯ್ತದೆ" ಅಂತ ಬರೀತೀರಿ. ಮನೆ ಸಾಲ ಮಂಜೂರಾಗಿದ್ದು ಆ ಹುಡುಗಿ ಹನ್ನೆರಡು ವರ್ಷ ಕೆಲಸ ಮಾಡಿ ಸಂಬಳದ ಚೀಟಿ ತೋರಿಸಿದ್ದಕ್ಕೆ. ಬ್ಯಾಂಕಿನ ಮ್ಯಾನೇಜರು ಆಮೆ ನೋಡೋಕೆ ಮನೆಗೆ ಬಂದಿರಲಿಲ್ಲ. ನಮ್ಮ ಹೆಣ್ಣುಮಗಳ ದುಡಿಮೆಯ ಹೆಸರನ್ನ ಒಂದು ಆಮೆಗೆ ಕೊಟ್ಟುಬಿಟ್ಟಿದ್ದೀರಿ, ಅದು ನನಗೆ ಇನ್ನೂ ಉರೀತದೆ.

ಏಜೆಂಟಿನ ವಿಷಯ ಚುಟುಕಾಗಿ ಹೇಳಿಬಿಡ್ತೀನಿ. ಬೆಂಗಳೂರಲ್ಲಿ ಯಾರೋ ಒಬ್ಬ ನಲವತ್ತು ಸಾವಿರ ಕೊಟ್ಟರೆ ಎನ್‌ಒಸಿ ತಂದುಕೊಡ್ತೀನಿ ಅಂದನಂತೆ. ಮುಂಗಡ ಹತ್ತು ಸಾವಿರ ಕೊಟ್ಟಾಗಿದೆಯಂತೆ. ಇಲ್ಲದ ಕಾಗದ ಎಲ್ಲಿಂದ ತರ್ತಾನೆ? ಅವನು ತಂದರೆ ಅದು ಸುಳ್ಳು ಕಾಗದ, ಆಮೆ ಕೇಸಿನ ಜೊತೆ ಇನ್ನೊಂದು ಕೇಸು. ಆ ಹತ್ತು ಸಾವಿರ ಹೋಯ್ತು ಅಂತ ತಿಳಿದುಕೊಳ್ಳಲಿ.

ಕಾಗದ ಇರೋ ಪ್ರಾಣಿಗಳೂ ಇವೆ, ಅದನ್ನೂ ಹೇಳಬೇಕು, ಇಲ್ಲದಿದ್ದರೆ ಅರ್ಧ ಮಾತಾಡಿದಳು ಅಂತೀರಿ. ನಮ್ಮ ಪಕ್ಕದ ಬೀದಿಯ ಮೇಷ್ಟ್ರ ಮಗ ಬೆಂಗಳೂರಲ್ಲಿ ಇಗ್ವಾನ ಸಾಕವ್ನೆ, ಅದು ಹೊರದೇಶದ ಜಾತಿ. ಅಂಥವಕ್ಕೆ 2020ರಲ್ಲಿ ಸರ್ಕಾರ ಒಂದು ಅವಕಾಶ ಕೊಟ್ಟಿತ್ತು, ನಿಮ್ಮ ಹತ್ತಿರ ಇರೋದನ್ನ ನೀವೇ ಹೇಳಿಕೊಳ್ಳಿ ಅಂತ. ಆಮೇಲೆ 2024ರಲ್ಲಿ ನಿಯಮ ಬಂತು. ಸೈಟಿಸ್ ಪಟ್ಟಿಯಲ್ಲಿರೋ ಹೊರದೇಶದ ಪ್ರಾಣಿ ಸಾಕಿದೋರು ಪರಿವೇಶ್ ಅನ್ನೋ ಸರ್ಕಾರಿ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹಾಕಿದರೂ ಹೇಳಬೇಕು, ಸತ್ತರೂ ಹೇಳಬೇಕು, ಬೇರೆಯೋರಿಗೆ ಕೊಟ್ಟರೂ ಹೇಳಬೇಕು. ಅಂಥ ಪ್ರಾಣಿಯನ್ನ ಪರದೇಶಕ್ಕೆ ಒಯ್ಯಬೇಕಾದರೆ ನೋಂದಣಿ, ಸೈಟಿಸ್ ಪರ್ಮಿಟ್ಟು, ಡಾಕ್ಟರ ಆರೋಗ್ಯ ಪತ್ರ, ಹೋಗೋ ದೇಶದ ಒಪ್ಪಿಗೆ, ವಿಮಾನದೋರು ಹೇಳಿದ ಅಳತೆಯ ಗಾಳಿಯಾಡೋ ಪೆಟ್ಟಿಗೆ, ಇಷ್ಟು ಬೇಕು. ಹೋಗೋ ದೇಶ ಬೇಡ ಅಂದರೆ ಮುಗೀತು, ಉಳಿದದ್ದೆಲ್ಲ ಇದ್ದೂ ದಂಡ. ನಮ್ಮ ಕಾಡಿನಿಂದ ಹಿಡಿದು ತಂದ ಆಮೆಗೆ ಈ ದಾರಿಯ ಮೊದಲನೇ ಮೆಟ್ಟಿಲೇ ಇಲ್ಲ.

ಅಂಗಡೀಲಿ ಮಾರೋ ಪುಟ್ಟ ಹಸಿರು ನೀರಾಮೆಯೂ ನಮ್ಮದಲ್ಲ. ಕಿವಿ ಹತ್ತಿರ ಕೆಂಪು ಪಟ್ಟಿ ಇರ್ತದೆ, ಅಮೆರಿಕದ ಜಾತಿ. ತರುವಾಗ ರೂಪಾಯಿ ನಾಣ್ಯದಷ್ಟಿರ್ತದೆ, ಬೆಳೆದರೆ ಊಟದ ತಟ್ಟೆಯಷ್ಟಾಗ್ತದೆ. ಆಗ ಸಾಕೋಕೆ ಆಗದೆ ಕೆರೆಗೆ ಬಿಡ್ತಾರೆ, ಕೆರೇಲಿರೋ ನಮ್ಮ ಆಮೆಗಳ ಜಾಗ ಅದು ಕಿತ್ಕೊಳ್ತದೆ. ಆ ಅಮೆರಿಕದೋರೇ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆ ಮಾರಬಾರದು ಅಂತ ಮಾಡಿದರು. ಯಾಕೆ ಗೊತ್ತಾ? ಮಕ್ಕಳು ಅದನ್ನ ಬಾಯಿಗಿಟ್ಟುಕೊಂಡು ವಾಂತಿ ಭೇದಿ ಜ್ವರ ಬಂದು ಮಲಗ್ತಿದ್ದವು. ಸಾಲ್ಮೊನೆಲ್ಲಾ ಅನ್ನೋ ಕ್ರಿಮಿ. ಆಮೆ ನೋಡೋಕೆ ಗಟ್ಟಿಮುಟ್ಟಾಗೇ ಇರ್ತದೆ, ಕ್ರಿಮಿ ಮಾತ್ರ ಅದರ ಹೊಲಸಲ್ಲಿ, ಮೈಮೇಲೆ ಇರ್ತದೆ. ಆಮೆ ತೊಳೆದ ಸಿಂಕಿನಲ್ಲೇ ಸೊಪ್ಪು ತೊಳೆಯೋರು ನಮ್ಮಲ್ಲಿ ಎಷ್ಟು ಜನ ಇದ್ದೀರೋ ನಿಮ್ಮ ಎದೆ ಮುಟ್ಟಿ ಕೇಳಿಕೊಳ್ಳಿ.

ಇನ್ನು ಮಗು. ಎಲ್ಲರ ಬಾಯಿ ಮುಚ್ಚಿಸೋ ವಾದ ಇದೇ. ಮಗು ಅಳ್ತದೆ, ಮಗು ಊಟ ಬಿಟ್ಟದೆ, ಮಗೀನ ಮನಸ್ಸು ಮುರೀಬ್ಯಾಡಿ. ನಾನೇನು ಕಲ್ಲೆದೆಯೋಳಲ್ಲ. ಆ ಹುಡುಗನಿಗೆ ನಾನು ದೊಡ್ಡಜ್ಜಿ, ಅವನಿಗೆ ಮೊದಲನೇ ಸಲ ಎಣ್ಣೆ ನೀರು ಎರೆದೋಳು ನಾನು. ಅವನ ಜೊತೆ ಫೋನಿನಲ್ಲಿ ಮಾತಾಡಿದೆ. ಅವನು ಕೇಳಿದ್ದು ಆಮೆಗೆ ವಿಮಾನ ಬೇಕು ಅಂತಲ್ಲ. "ಅಜ್ಜಿ, ಲಕ್ಷ್ಮಿಗೆ ಯಾರು ಊಟ ಹಾಕ್ತಾರೆ?" ಅಂತ. ಅಷ್ಟೇ ಅವನ ಚಿಂತೆ. ಜೊತೇಲೇ ಒಯ್ಯಬೇಕು ಅನ್ನೋದು ದೊಡ್ಡೋರು ಅವನ ತಲೆಗೆ ತುಂಬಿದ್ದು, ಒಯ್ತೀವಿ ಬಿಡು ಅಂತ ಮಾತು ಕೊಟ್ಟಿದ್ದು ದೊಡ್ಡೋರು. ಈಗ ಮಾತು ಉಳಿಸಿಕೊಳ್ಳೋಕಾಗದೆ ಮಗುವಿನ ಹೆಸರು ಹೇಳ್ತಾವ್ರೆ. ನಾನು ಅವನಿಗೆ ಸಿಂಗಪುರದ ಆಮೆಗಳ ಕತೆ ಹೇಳಿದೆ. ಸುಳ್ಳು ಕತೆ ಅಲ್ಲ, ನಡೆದದ್ದು. ನಿಮಗೂ ಹೇಳ್ತೀನಿ ಕೇಳಿ.

ನಮ್ಮ ನಕ್ಷತ್ರ ಆಮೆಗಳನ್ನ ಕದ್ದು ಸಾಗಿಸಿ ಸಿಂಗಪುರದಲ್ಲಿ ಮನೆ ಮನೇಲಿ ಸಾಕಿಕೊಂಡಿದ್ದರು. ಅಲ್ಲೂ ಅದು ಕಾನೂನಿಗೆ ವಿರುದ್ಧ. ಅಲ್ಲಿಯೋರು ಒಂದೊಂದಾಗಿ ಅವನ್ನ ಬಿಡಿಸಿ, ಏಕರ್ಸ್ ಅನ್ನೋ ಪ್ರಾಣಿ ದಯಾ ಸಂಸ್ಥೆಯೋರು ನೋಡಿಕೊಂಡರು. ಆಮೇಲೆ 2018ರ ನವೆಂಬರಿನಲ್ಲಿ 51 ಆಮೆಗಳನ್ನ ವಿಮಾನದಲ್ಲಿ ಬೆಂಗಳೂರಿಗೆ ಕಳಿಸಿಕೊಟ್ಟರು. ಇಲ್ಲಿ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯೋರು, ನಮ್ಮ ಕರ್ನಾಟಕದ ಅರಣ್ಯ ಇಲಾಖೆಯೋರು ಬರಮಾಡಿಕೊಂಡರು. ಎರಡೂ ಸರ್ಕಾರದ ಕಾಗದ ಪತ್ರ ಸರಿ ಮಾಡಿಕೊಂಡು, ಪರ್ಮಿಟ್ಟು ಮಾಡಿಸಿಕೊಂಡು, ಪೆಟ್ಟಿಗೆಯಲ್ಲಿ ಜೋಪಾನವಾಗಿ ಕೂರಿಸಿಕೊಂಡು ಬಂದವು. ಆಮೆಗೆ ನಿಜವಾಗಿ ವೀಸಾ ಸಿಕ್ಕ ಕತೆ ನನಗೆ ಗೊತ್ತಿರೋದು ಇದೊಂದೇ ಕಣ್ರವ್ವ, ಅದೂ ಊರಿಗೆ ವಾಪಸ್ ಬರೋಕೆ. ಅಲ್ಲಿಯೋರು ಅಷ್ಟು ಖರ್ಚು ಮಾಡಿ ನಮ್ಮ ಮಗಳನ್ನ ತವರಿಗೆ ಕಳಿಸಿಕೊಡ್ತಾರೆ. ನಾವು ಕಾಲುಚೀಲದಲ್ಲಿ ಸುತ್ತಿ ಹೊರಗೆ ದಬ್ಬೋಕೆ ನೋಡ್ತೀವಿ. ಹುಡುಗ ಕತೆ ಕೇಳಿ, ಆ 51ರಲ್ಲಿ ಮರಿಗಳೂ ಇದ್ದವಾ ಅಂತ ಕೇಳಿದ. ಆಮೇಲೆ ಅವರಮ್ಮನ ಕೈಲಿ ಮೊಸರನ್ನ ಕಲಿಸಿಕೊಂಡು ತಿಂದನಂತೆ.

ಇನ್ನೊಂದು ಉಪಾಯ ನಮ್ಮೂರಿಂದಲೇ ಬಂದಿದೆ. "ಇಲ್ಲಿಗೆ ತಂದುಬಿಡಿ, ನಮ್ಮ ಬಾವಿಗೆ ಬಿಡೋಣ, ಇಲ್ಲ ಕಲ್ಯಾಣಿಗೆ ಬಿಡೋಣ, ಪುಣ್ಯ ಬರ್ತದೆ." ಅಯ್ಯೋ ತಾಯಿ! ನಕ್ಷತ್ರ ಆಮೆ ನೆಲದ ಮೇಲಿನ ಪ್ರಾಣಿ. ಅದಕ್ಕೆ ಈಜು ಬರಲ್ಲ. ಬಾವಿಗೆ ಬಿಟ್ಟರೆ ಮುಳುಗಿ ಸಾಯ್ತದೆ. ಆಮೆ ಅಂದಮೇಲೆ ನೀರು ಅಂದುಕೊಂಡು ಪುಣ್ಯದ ಹೆಸರಲ್ಲಿ ಕೊಂದುಬಿಡ್ತೀರಿ. ಸಾವನದುರ್ಗದ ಕಾಡಿಗೆ ಬಿಡೋಣ ಅಂದೋರೂ ಇದ್ದೀರಿ, ಅದೂ ಬೇಡ. ನಾಲ್ಕು ವರ್ಷ ಕೈಯೂಟ ತಿಂದಿರೋದು, ಮೈಯಲ್ಲಿ ಯಾವ ರೋಗ ಇದೆಯೋ ಗೊತ್ತಿಲ್ಲ, ಯಾವ ಸೀಮೆಯದು ಅನ್ನೋದೂ ಗೊತ್ತಿಲ್ಲ. ಈ ಜಾತಿ ಗುಜರಾತು ರಾಜಸ್ಥಾನದ ಕಡೆಯೂ ಇದೆ, ನಮ್ಮ ದಕ್ಷಿಣದ ಕಡೆಯೂ ಇದೆ, ಎರಡಕ್ಕೂ ವ್ಯತ್ಯಾಸ ಐತೆ. ಎಲ್ಲೆಲ್ಲಿಯದನ್ನೋ ತಂದು ಎಲ್ಲೆಲ್ಲೋ ಬಿಟ್ಟರೆ ಇದ್ದಬದ್ದ ಆಮೆಗೂ ರೋಗ ಅಂಟ್ತದೆ. ಅದನ್ನ ನೋಡಿ, ಪರೀಕ್ಷೆ ಮಾಡಿ ತೀರ್ಮಾನ ಮಾಡೋರು ಬೇರೆ ಇದ್ದಾರೆ, ನಾವಲ್ಲ.

"ಚೆನ್ನಾಗೇ ಸಾಕಿದ್ದೀವಿ" ಅಂತೀರಿ. ಪ್ರೀತಿಯಿಂದ ಸಾಕಿದ್ದೀರಿ, ಒಪ್ಪಿದೆ. ಆದರೆ ವಿಡಿಯೋ ಕಾಲಿನಲ್ಲಿ ಲಕ್ಷ್ಮಿಯ ಬೆನ್ನು ನೋಡಿದೆ. ಚಿಪ್ಪಿನ ಒಂದೊಂದು ಬಿಲ್ಲೆಯೂ ಗೋಪುರದ ಹಾಗೆ ಮೇಲಕ್ಕೆ ಎದ್ದು ನಿಂತಿದೆ. ನಮ್ಮ ಹುಡುಗಿ ಅದನ್ನೇ ಲಕ್ಷಣ ಅಂದುಕೊಂಡಿದ್ದಳು. ಈ ಜಾತಿಗೆ ಬಿಲ್ಲೆ ಒಸಿ ಉಬ್ಬಿರೋದು ಹುಟ್ಟುಗುಣ, ನಿಜ. ಆದರೆ ಹೀಗೆ ವಕ್ರವಾಗಿ ಏಳೋದು ಸಾಕಾಣಿಕೆ ಸರಿಯಿಲ್ಲ ಅನ್ನೋದರ ಗುರುತು. ಬಿಸಿಲಿಲ್ಲ, ಸುಣ್ಣದಂಶ ಇಲ್ಲ, ಮೇವು ತಪ್ಪು. ಹುಲ್ಲು, ಸೊಪ್ಪು, ಬಿದ್ದ ಹೂವು ತಿನ್ನೋ ಪ್ರಾಣಿಗೆ ಅವರ ಮನೇಲಿ ಅನ್ನ, ಚಪಾತಿ, ಶುಕ್ರವಾರ ಹಾಲು. ಹಾಲು! ಮೂವತ್ತು ವರ್ಷಕ್ಕೂ ಮೇಲೆ ಬದುಕೋ ಜೀವ ಅದು, ನಮ್ಮ ಹುಡುಗನಿಗೆ ಮದುವೆಯಾಗಿ ಮಕ್ಕಳಾದರೂ ಅದು ಇರಬೇಕು. ಬಾಲ್ಕನಿಯಲ್ಲಿ ಆ ವಯಸ್ಸು ಮುಟ್ಟೋದು ಕಷ್ಟ.

ಪಂಜರದ ಗಿಳಿಯೂ ಇದೇ ಕಾನೂನಿಗೆ ಬರ್ತದೆ, ಗಿಳಿ ಸಾಕಿರೋ ನಮ್ಮ ಬೀದಿಯ ಇಬ್ಬರು ಇದನ್ನ ಓದ್ತಿದ್ದೀರಿ ಅಂತ ನನಗೆ ಗೊತ್ತು. ಅದರ ಮಾತು ಇನ್ನೊಂದು ದಿನ.

ಹಾಗಾದರೆ ಏನು ಮಾಡಬೇಕು ಅಂತ ಕೇಳಿದಳು ಹುಡುಗಿ, ಅಳ್ತಾ ಕೇಳಿದಳು. "ದೊಡ್ಡಮ್ಮ, ಒಪ್ಪಿಸೋಕೆ ಹೋದರೆ ನನ್ನನ್ನೇ ಹಿಡಿದುಕೊಂಡರೆ? ವೀಸಾಕ್ಕೆ ತೊಂದರೆ ಆದರೆ?" ಅವಳ ಹೆದರಿಕೆ ಸುಳ್ಳಲ್ಲ. ಇಟ್ಟುಕೊಂಡಿದ್ದೇ ಕಾನೂನಿನಲ್ಲಿ ತಪ್ಪು, ಅದನ್ನ ನಾನು ಮುಚ್ಚಿಡಲ್ಲ. ಆದರೆ ತಾನಾಗಿ ಫೋನು ಮಾಡಿ ಒಪ್ಪಿಸೋದೂ, ಎಕ್ಸ್‌ರೇ ಮಿಷನ್ನಿನ ಮುಂದೆ ಮಗುವಿನ ಬ್ಯಾಗು ತೆರೆಸಿಕೊಳ್ಳೋದೂ ಒಂದೇ ತಕ್ಕಡೀಲಿ ತೂಗೋ ಮಾತಾ? ಹೆದರಿಕೆಯಿಂದ ರಾತ್ರೋರಾತ್ರಿ ಪಾರ್ಕಿನಲ್ಲಿ ಬಿಟ್ಟು ಬರೋರು ಎಷ್ಟೋ ಜನ, ಅದನ್ನ ನಾಯಿ ಕಚ್ಚಿ ಎಳೆದಾಡ್ತವೆ. ಹಾಗೆ ಮಾಡಬಾರದು. ಅಳಿಯಂದ್ರೂ ಜೊತೇಲಿ ಹೋಗಬೇಕು, ಆಮೆ ತಂದ ಮೈದುನಾನೂ ಹೋಗಬೇಕು. ಇದನ್ನ ನಾನು ಅಳಿಯಂದ್ರಿಗೆ ನೇರವಾಗೇ ಹೇಳಿದ್ದೀನಿ. ಅವರು ಸುಮ್ಮನೆ ಕೇಳಿಸಿಕೊಂಡರು, ಬೇಡ ಅನ್ನಲಿಲ್ಲ. ಮೈದುನ ಇನ್ನೂ ಫೋನು ಎತ್ತಿಲ್ಲ.

ಅರಣ್ಯ ಇಲಾಖೆಯ ಸಹಾಯವಾಣಿ 1926. ನಮ್ಮ ತಾಲ್ಲೂಕಿನೋರು ಮಾಗಡಿಯ ವಲಯ ಅರಣ್ಯಾಧಿಕಾರಿ ಕಚೇರಿಗೇ ಹೋಗಬಹುದು. ಬೆಂಗಳೂರಲ್ಲಿ ಇರೋರಿಗೆ ಕೆಂಗೇರಿ ಹತ್ತಿರ ಪೀಪಲ್ ಫಾರ್ ಅನಿಮಲ್ಸ್‌ನೋರ ವನ್ಯಪ್ರಾಣಿ ಆಸ್ಪತ್ರೆ ಇದೆ, ಅಲ್ಲೂ ಕೇಳಬಹುದು. ಕೊಂಡೊಯ್ಯುವಾಗ ಗಾಳಿಯಾಡೋ ರಟ್ಟಿನ ಪೆಟ್ಟಿಗೆ, ತಳಕ್ಕೆ ಹಳೇ ಹತ್ತಿ ಬಟ್ಟೆ ಸಾಕು. ನೀರು ತುಂಬಿದ ಬಕೆಟ್ಟು ಬೇಡ, ಟೇಪು ಬೇಡ. ಎಷ್ಟು ವರ್ಷದಿಂದ ಇತ್ತು, ಏನು ತಿಂತಿತ್ತು ಅಂತ ಒಂದು ಚೀಟಿಯಲ್ಲಿ ನಿಜ ಬರೆದುಕೊಡಿ, ಹಾಲು ಕುಡಿಸಿದ್ದನ್ನೂ ಬರೀರಿ, ಡಾಕ್ಟರಿಗೆ ಅನುಕೂಲ ಆಗ್ತದೆ. ಹುಡುಗನೂ ಜೊತೆಗೆ ಬರ್ತೀನಿ ಅಂದವ್ನೆ, ಯಾರು ಊಟ ಹಾಕ್ತಾರೆ ಅಂತ ಅವರನ್ನೇ ಕೇಳ್ತಾನಂತೆ. ಬರೋ ಸೋಮವಾರ ಬೆಳಗ್ಗೆ ನಾನು ಮಾಗಡಿಯಿಂದ ಮೊದಲನೇ ಬಸ್ಸಿಗೆ ಹೊರಡ್ತೀನಿ. ಗ್ರೂಪಿನಲ್ಲಿ ಇನ್ನು ಕಾಲುಚೀಲದ ಮಾತು ಬೇಡ.